ಮಲಗಿದವರ ಅಳತೆ

ಮನೆಗೆ ಬಂದ ನರ್ಸನ್ನು ಅಜ್ಜಿ ಹೊರಗೆ ಅಟ್ಟಿದಳು ಎಂಬ ಸುದ್ದಿ ಬೀದಿಯ ಕೊನೆಯ ಬ್ರೆಡ್ ಅಂಗಡಿ ತಲುಪುವ ಹೊತ್ತಿಗೆ, ಅಜ್ಜಿ ಕತ್ತರಿ ಎಸೆದಳು ಎಂದಾಗಿತ್ತು. ಕತ್ತರಿಯ ಮಾತು ಶುದ್ಧ ಸುಳ್ಳು. ಐವತ್ತನಾಲ್ಕು ವರ್ಷ ದರ್ಜಿ ಕೆಲಸ ಮಾಡಿದವಳು ಸಿಟ್ಟು ಬಂತೆಂದು ಕತ್ತರಿ ಎಸೆಯುವುದಿಲ್ಲ, ಮೊನೆ ಹಾಳಾಗುತ್ತದೆ. ಎಸೆದದ್ದು ಸೂಜಿ ಚುಚ್ಚಿಡುವ ದಿಂಬು. ಅದೂ ಗುರಿ ತಪ್ಪಿ ಸೊಸೆಯ ಗಂಜಿ ಪಾತ್ರೆಗೆ ಬಿತ್ತು.

ಸೊಸೆ ಸೌಟಿನಲ್ಲಿ ದಿಂಬನ್ನು ಎತ್ತಿ ತೆಗೆದಳು. ಸೂಜಿ ಎಷ್ಟಿದ್ದವು, ಎಷ್ಟು ಉಳಿದವು ಎಂದು ಯಾರಿಗೆ ಗೊತ್ತು? ಅಷ್ಟೂ ಗಂಜಿ ಚೆಲ್ಲಬೇಕಾಯಿತು. ಆ ಹೊತ್ತಿನ ಊಟಕ್ಕೆ ಎಲ್ಲರಿಗೂ ಬ್ರೆಡ್ಡೇ ಗತಿ.

"ಆ ಹುಡುಗಿ ಏನು ಮಾಡಿದ್ಳು ಅಂತ?" ಸೊಸೆ ಕೇಳಿದಳು. "ಬಂದ್ಳು, ನಿಮ್ಮನ್ನ ಮಂಚದ ಮೇಲೆ ಮಲಗಿಸಿದ್ಳು, ಪಟ್ಟಿ ಬಿಚ್ಚಿದ್ಳು. ಅಷ್ಟಕ್ಕೇ ಈ ರಂಪ?"

"ಅವಳು ಇನ್ನೊಂದು ಸಲ ಈ ಹೊಸಿಲು ದಾಟಬಾರದು," ಅಂದಳು ಅಜ್ಜಿ.

"ಯಾಕೆ ಅಂತ ಹೇಳಿ."

"ದಾಟಬಾರದು ಅಂದ್ರೆ ದಾಟಬಾರದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅಜ್ಜಿ. ಆದರೆ ಈ ಸಲ ಪಣಕ್ಕಿದ್ದದ್ದು ಮೊಲದ ಕಾಲಲ್ಲ, ಅವಳದೇ ಬಲಗಾಲು. ಅವಳಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಬುಡದಲ್ಲಿ, ಹೊಲಿಗೆ ಯಂತ್ರದ ಕಬ್ಬಿಣದ ಪೆಡಲು ಒತ್ತುವ ಜಾಗದಲ್ಲೇ, ಗುಳ್ಳೆ ಎದ್ದು ಒಡೆದು ಹುಣ್ಣಾಗಿತ್ತು. ಪಾದಕ್ಕೆ ನೋವೇ ತಿಳಿಯದ್ದರಿಂದ ಅವಳು ತಿಂಗಳುಗಟ್ಟಲೆ ಅದರ ಮೇಲೆಯೇ ಪೆಡಲು ತುಳಿದಿದ್ದಳು. ಆಸ್ಪತ್ರೆಯ ದೊಡ್ಡ ಡಾಕ್ಟರು ಆರು ವಾರ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಹುಣ್ಣು ಕಿರಿದಾದರೆ ಸರಿ. ಆಗದಿದ್ದರೆ ಬೆರಳು ತೆಗೆಯಬೇಕು, ಕೀವು ಏರಿದರೆ ಅರ್ಧ ಪಾದ. ಅದಕ್ಕೇ ವಾರಕ್ಕೆರಡು ಸಲ ನರ್ಸು ಮನೆಗೆ ಬಂದು, ಹುಣ್ಣು ತೊಳೆದು, ಅಳೆದು ಬರೆದಿಡಬೇಕೆಂದು ಏರ್ಪಾಡಾಗಿತ್ತು. ಮೊದಲ ವಾರ ಹೀಗೆ ಗಂಜಿಯ ಪಾಲಾಯಿತು.

ಮಗ ಸಿಟಿ ಬಸ್ಸಿನ ಚಾಲಕ. ಪಾಳಿ ಮುಗಿಸಿ ಬಂದವನಿಗೆ ಎರಡು ಕಡೆಯ ದೂರೂ ಒಟ್ಟಿಗೇ ಸಿಕ್ಕಿತು.

"ಅಮ್ಮ ಹೇಳೋದರಲ್ಲೂ ಏನೋ ಇರಬಹುದು. ನೀನು ಹೇಳೋದೂ ಸರಿನೇ," ಅಂದ.

"ನೋಡಿ, ಅಡ್ಡಗೋಡೆ ಮೇಲೆ ದೀಪ ಇಟ್ಟುಬಿಟ್ರು," ಅಂದಳು ಹೆಂಡತಿ. "ಇಬ್ಬರಿಗೂ ಬೆಳಕಿಲ್ಲ."

ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದ. "ಡಿಪೋದಲ್ಲಿ ಮೆಕ್ಯಾನಿಕ್ ಒಬ್ಬ ಕೊಟ್ಟ. ಈ ಪುಡಿ ಉದುರಿಸಿದ್ರೆ ಎಂಥ ಗಾಯಾನೂ ಒಣಗುತ್ತಂತೆ."

"ಆ ಮೆಕ್ಯಾನಿಕ್ ನಿಮ್ಮ ಬಸ್ಸಿನ ಬ್ರೇಕನ್ನೇ ಇನ್ನೂ ಸರಿ ಮಾಡಿಲ್ಲ. ಅತ್ತೆ ಕಾಲು ಸರಿ ಮಾಡ್ತಾನಾ? ಒಂದು ಒಳ್ಳೆ ಇಂಜೆಕ್ಷನ್ ಹಾಕಿಸಿದ್ರೆ ಎಲ್ಲ ಸರಿಹೋಗುತ್ತೆ. ಸೂಜಿ ಚುಚ್ಚದ ಔಷಧಿ ಒಂದು ಔಷಧೀನಾ?"

ಅಜ್ಜಿಯ ಲೆಕ್ಕವೇ ಬೇರೆ. ಗಾಯಕ್ಕೆ ತಣ್ಣೀರು ತಾಗಬಾರದು, ಅವಳ ತಾಯಿ ಕಲಿಸಿದ ಎಲೆ ಎಣ್ಣೆ ಹಚ್ಚಬೇಕು, ಕುದಿಸಿ ಬಿಸಿಲಲ್ಲಿ ಒಣಗಿಸಿದ ಹಳೇ ಹತ್ತಿ ಬಟ್ಟೆ ಕಟ್ಟಬೇಕು. ಹೀಗೆ ಒಂದೇ ಪಾದಕ್ಕೆ ಬೆಳಿಗ್ಗೆ ಎಣ್ಣೆ, ಮಧ್ಯಾಹ್ನ ಪುಡಿ, ಸಂಜೆ ಸೊಸೆ ತಂದ ಮುಲಾಮು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೂವರೂ ಎಳೆದರು, ಹುಣ್ಣು ಮಾತ್ರ ಇದ್ದಲ್ಲೇ ಇತ್ತು.

ಎರಡನೇ ವಾರ ಬೇರೆ ನರ್ಸು ಬಂದಳು. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಬಿಳಿ ಕೋಟಿನ ತೋಳು ಬೆರಳಿನ ತುದಿಯವರೆಗೆ ಬರುತ್ತಿದ್ದರಿಂದ ಎರಡು ಮಡಿಕೆ ಮೇಲಕ್ಕೆ ಮಡಚಿದ್ದಳು. ಅಜ್ಜಿ ಅವಳ ಮುಖ ನೋಡುವ ಮೊದಲು ತೋಳು ನೋಡಿದಳು. ಹೆಸರು ಕೇಳುವ ಗೋಜಿಗೇ ಹೋಗದೆ 'ಉದ್ದತೋಳು' ಎಂದು ನಾಮಕರಣ ಮಾಡಿಬಿಟ್ಟಳು.

ಉದ್ದತೋಳಿನ ಕೈಯಲ್ಲಿದ್ದ ಫೈಲಿನ ಮೇಲೆ ಹಿಂದಿನ ನರ್ಸು 'ಸಹಕಾರ ಇಲ್ಲ' ಎಂದು ಬರೆದಿದ್ದಳು. ಅವಳು ಅದನ್ನು ಕವುಚಿ ಇಟ್ಟು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು.

"ಅಜ್ಜಿ, ನಿಮ್ಮ ಮನೇಲಿ ಗಾಯ ಆದ್ರೆ ಏನು ಮಾಡ್ತಿದ್ರಿ?"

ಈ ಮನೆಯಲ್ಲಿ ಈವರೆಗೆ ಯಾರೂ ಕೇಳದ ಪ್ರಶ್ನೆ ಅದು. ಎಲ್ಲರೂ ಹೇಳುವವರೇ. ಅಜ್ಜಿ ಅನುಮಾನದಿಂದಲೇ ಎಣ್ಣೆಯ ಸೀಸೆ ತೋರಿಸಿದಳು, ಬಟ್ಟೆ ತೋರಿಸಿದಳು, ತಣ್ಣೀರಿನ ವಿಷಯ ಹೇಳಿದಳು. ನರ್ಸು ಬಟ್ಟೆಯನ್ನು ಮೂಸಿದಳು, ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಹೊತ್ತು ಕುದಿಸ್ತೀರಿ?"

"ಒಂದು ಪಾತ್ರೆ ಅನ್ನ ಬೇಯೋವಷ್ಟು."

"ಹಾಗಾದ್ರೆ ಇದೇ ಇರಲಿ. ಒಳಗೆ ನಾನು ತಂದ ತೆಳು ಗಾಜ್ ಬಟ್ಟೆ, ಮೇಲೆ ನಿಮ್ಮ ಬಟ್ಟೆ. ಎಣ್ಣೆ ಮಾತ್ರ ಹುಣ್ಣಿಗೆ ಬೇಡ ಅಜ್ಜಿ, ಒಳಗೆ ಕೊಳೆ ಕೂತುಬಿಡುತ್ತೆ. ಎಡಗಾಲಿನ ಹಿಮ್ಮಡಿ ಒಣಗಿ ಬಿರುಕು ಬಿಟ್ಟಿದೆ ನೋಡಿ, ಅಲ್ಲಿಗೆ ದಿನಾ ಹಚ್ಚಿ. ಅಲ್ಲಿ ಇನ್ನೊಂದು ಹುಣ್ಣು ಏಳದ ಹಾಗೆ ಕಾಯುತ್ತೆ."

ತೊಳೆಯುವ ಉಪ್ಪುನೀರಿನ ಬಾಟಲಿಯನ್ನು ಅವಳು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ಬೆಚ್ಚಗಾದ ಮೇಲೆ ಮೊದಲು ಅಜ್ಜಿಯ ಮುಂಗೈ ಮೇಲೆ ಎರಡು ಹನಿ ಬಿಟ್ಟಳು. "ಸಾಕಾ ಬಿಸಿ?" ಅಜ್ಜಿ ತಲೆಯಾಡಿಸಿದಳು. ಮಗನ ಪುಡಿ ಕಸದ ಬುಟ್ಟಿಗೆ ಹೋಯಿತು. ಸೊಸೆಗೆ ಮಾತ್ರ ಸಮಾಧಾನವಿಲ್ಲ.

"ಸಿಸ್ಟರ್, ಒಂದು ಇಂಜೆಕ್ಷನ್ ಕೊಟ್ಟುಬಿಡಿ."

"ಅವರಿಗೆ ದಿನಾ ಇನ್ಸುಲಿನ್ ಚುಚ್ಚಬೇಕಲ್ಲ, ಅದನ್ನ ಯಾರು ಮಾಡ್ತಿದ್ದಾರೆ?"

"ಅವರೇ. ನೆನಪಾದ ದಿನ."

"ಇನ್ನು ಮೇಲೆ ನೀವು ಚುಚ್ಚಿ. ಊಟಕ್ಕೆ ಮೊದಲು, ಒಂದು ದಿನಾನೂ ತಪ್ಪದ ಹಾಗೆ. ನೀವು ಕೇಳೋ ಒಳ್ಳೆ ಇಂಜೆಕ್ಷನ್ ಅದೇ."

ಸೊಸೆಯ ಮುಖ ಅರಳಿತು. ಅಂದಿನಿಂದ ಗಡಿಯಾರ ತಪ್ಪಿದರೂ ಅವಳ ಸೂಜಿ ತಪ್ಪಲಿಲ್ಲ.

ಎಲ್ಲ ಸಲೀಸಾಗಿ ನಡೆಯುತ್ತಿದೆ ಅನ್ನುವಾಗ ನರ್ಸು ಚೀಲದಿಂದ ಕಾಗದದ ಅಳತೆಪಟ್ಟಿ ತೆಗೆದಳು. ಅಜ್ಜಿ ಕಾಲು ಹಿಂದಕ್ಕೆಳೆದುಕೊಂಡಳು.

"ಅದನ್ನ ಒಳಗಿಡು. ಇಲ್ಲ ಅಂದ್ರೆ ಬಾಗಿಲು ಅಲ್ಲಿದೆ."

"ಅತ್ತೆ! ಅಳೀದೆ ಡಾಕ್ಟರಿಗೆ ಏನು ತೋರಿಸೋದು?"

ನರ್ಸು ಸೊಸೆಗೆ ಕಣ್ಣಲ್ಲೇ ಬೇಡ ಎಂದು ಸೂಚಿಸಿ, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಅಳತೆಯ ಅಂಕಣ ಖಾಲಿ ಉಳಿಯಿತು. ಹೋಗುವಾಗ ಅವಳ ಮುಖವೂ ಅಷ್ಟೇನೂ ಚೆನ್ನಾಗಿರಲಿಲ್ಲ, ಯಾಕೆಂದರೆ ಅಳತೆಯಿಲ್ಲದ ಹುಣ್ಣು ಕಿರಿದಾಯಿತು ಎಂದರೆ ದೊಡ್ಡ ಡಾಕ್ಟರು ನಂಬುವವರಲ್ಲ.

ಅದೇ ವಾರದ ಎರಡನೇ ಭೇಟಿಯಲ್ಲಿ ಗುಟ್ಟು ಬಿಚ್ಚಿಕೊಂಡಿತು. ಕಾಲೇಜಿಗೆ ಹೋಗುವ ಮೊಮ್ಮಗಳು ಹೊಸ ಪ್ಯಾಂಟು ಹೊಲಿಸಿಕೊಳ್ಳಬೇಕಿತ್ತು. ರಜೆಯ ದಿನದ ಸೋಮಾರಿತನ. ಮಂಚದ ಮೇಲೆ ಉದ್ದಕ್ಕೆ ಬಿದ್ದುಕೊಂಡು ಫೋನು ನೋಡುತ್ತಿದ್ದವಳು, "ಅಮ್ಮ, ಇಲ್ಲೇ ಅಳತೆ ತಗೋ, ಏಳೋಕೆ ಬೇಜಾರು," ಅಂದಳು. ಸೊಸೆ ಟೇಪು ಎತ್ತಿಕೊಂಡು ಮಗಳ ಸೊಂಟದಿಂದ ಪಾದಕ್ಕೆ ಹಿಡಿದಳೋ ಇಲ್ಲವೋ, ಯಂತ್ರದ ಮುಂದೆ ಕೂತಿದ್ದ ಅಜ್ಜಿ ಹುಣ್ಣು, ಡಾಕ್ಟರು ಎಲ್ಲ ಮರೆತು ಒಂದೇ ನೆಗೆತಕ್ಕೆ ಬಂದು ಟೇಪು ಕಿತ್ತುಕೊಂಡಳು.

"ಏಳೇ! ಏಳು ಮೇಲೆ! ಮಲಗಿದವರಿಗೆ ಟೇಪು ಹಿಡೀತಾರೇನೇ? ನನ್ನ ಕಣ್ಣೆದುರಿಗೇ!"

ಹುಡುಗಿ ಹೆದರಿ ಎದ್ದು ನಿಂತಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಉದ್ದತೋಳು ಎಲ್ಲವನ್ನೂ ನೋಡಿದಳು.

"ಅಜ್ಜಿ," ನರ್ಸು ಮೆಲ್ಲಗೆ ಕೇಳಿದಳು, "ಹಿಂದೆ ಬಂದ ನರ್ಸು ನಿಮ್ಮನ್ನ ಮಲಗಿಸಿ ಟೇಪು ಹಿಡಿದ್ಲಾ?"

ಅಜ್ಜಿ ಕುರ್ಚಿಗೆ ಕುಸಿದಳು. ಯಾರನ್ನೂ ನೋಡದೆ ಮಾತಾಡಿದಳು.

"ನಮ್ಮಪ್ಪಾನೂ ದರ್ಜಿ. ನಿಂತವರ ಅಳತೆ ತಗೋತಿದ್ದ, ಕೂತವರದ್ದೂ ತಗೋತಿದ್ದ. ಮಲಗಿದವರನ್ನ ಅಳೆಯೋಕೆ ಕರೆ ಬಂದ್ರೆ ಮಾತಾಡದೆ ಟೇಪು ತಗೊಂಡು ಹೋಗ್ತಿದ್ದ. ಮಣ್ಣಿಗೆ ಇಳಿಸೋವಾಗ ಹಾಕೋ ಕೊನೇ ಬಟ್ಟೆಗೆ. ಆ ಟೇಪನ್ನ ಮನೆಯೊಳಗೂ ತರ್ತಿರಲಿಲ್ಲ. ಜೀವ ಇರೋರನ್ನ ಮಲಗಿಸಿ ಅಳೆದ್ರೆ ಅವರು ಮತ್ತೆ ಏಳಲ್ಲ ಅಂತಿದ್ದ."

ಸೊಸೆಯ ಕಣ್ಣಲ್ಲಿ ನೀರು ತುಂಬಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ಅದನ್ನ ಬಾಯಲ್ಲಿ ಹೇಳೋದು ಅಳೆಸಿಕೊಳ್ಳೋದಕ್ಕಿಂತ ಕೆಟ್ಟದ್ದು. ಈಗ ಹೇಳಿಸಿಬಿಟ್ರಲ್ಲ."

ನರ್ಸು ಅದು ಮೂಢನಂಬಿಕೆ ಎನ್ನಲಿಲ್ಲ, ಹಾಗೇನೂ ಆಗಲ್ಲ ಬಿಡಿ ಎಂದೂ ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ಕೂತವರನ್ನ ಅಳೀಬಹುದು ಅಂದ್ರಲ್ಲ ಅಜ್ಜಿ? ನೀವು ಕೂತಿರಿ. ಟೇಪೂ ಬೇಡ. ನಾನೂ ಅಳೆಯಲ್ಲ. ನೀವೇ ಅಳೀರಿ."

"ನಾನಾ?"

"ಈ ಮನೇಲಿ ನಿಮಗಿಂತ ಚೆನ್ನಾಗಿ ಅಳೆಯೋರು ಯಾರಿದ್ದಾರೆ?"

ಐವತ್ತನಾಲ್ಕು ವರ್ಷದ ಕಸುಬಿಗೆ ಯಾರಾದರೂ ಸಲ್ಲಿಸಬೇಕಾಗಿದ್ದ ಮರ್ಯಾದೆ ಇದ್ದಕ್ಕಿದ್ದಂತೆ ಸಂದಿತ್ತು. ಅಜ್ಜಿ ಕಾಜ ಹೊಲಿಯಲು ಕೂರುವ ಹಾಗೆ ಬಲಪಾದವನ್ನು ಎಡಮಂಡಿಯ ಮೇಲೆ ತಂದಿಟ್ಟುಕೊಂಡಳು. ನರ್ಸು ಹುಣ್ಣು ತೊಳೆದು ಅದರ ಮೇಲೆ ಶುಭ್ರವಾದ ಪಾರದರ್ಶಕ ಹಾಳೆ ಹಾಸಿದಳು. ಅಜ್ಜಿ ಕನ್ನಡಕ ಏರಿಸಿ, ಹಾಳೆಯ ಮೇಲೆ ಕೆಂಪು ದಾರ ಹಿಡಿದು, ಹುಣ್ಣಿನ ಈ ಅಂಚಿಂದ ಆ ಅಂಚಿಗೆ ಸರಿಯಾಗಿ ಕತ್ತರಿಸಿದಳು.

"ಕೋಟಿನ ಗುಂಡಿಯಷ್ಟಿದೆ," ಅಂದಳು.

ಆ ದಾರವನ್ನು ಕಂದು ಕಾಗದಕ್ಕೆ ಗುಂಡುಪಿನ್ನಿನಿಂದ ಚುಚ್ಚಿದರು. ನರ್ಸು ಫೈಲಿನ ಮುಖಪುಟದಲ್ಲಿ ಕೆಂಪು ಶಾಯಿಯಿಂದ ಏನನ್ನೋ ಬರೆದುಕೊಂಡಳು.

ಮೂರನೇ ವಾರ ಎರಡನೇ ದಾರ. ಅಜ್ಜಿ ಕತ್ತರಿಸಿದಳು, ನರ್ಸು ಅದನ್ನು ಮೊದಲನೆಯದರ ಪಕ್ಕ ಇಟ್ಟಳು. ಹೊಸ ದಾರ ಉದ್ದವಿತ್ತು.

"ಇದು ಯಾರು ಕತ್ತರಿಸಿದ್ದು?" ಅಜ್ಜಿ ಕೇಳಿದಳು.

"ನೀವೇ ಅಜ್ಜಿ."

ಸೊಸೆ ಹೋಟೆಲಿನ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟಿದ್ದವಳು ಬಾಗಿಲಲ್ಲೇ ನಿಂತಳು. ಯಂತ್ರದ ಪಕ್ಕ ನಾಲ್ಕು ಲಂಗ, ಎರಡು ಅಂಗಿ ಹೊಲಿದು ಮಡಚಿಟ್ಟಿದ್ದವು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅವು ತಾವಾಗಿಯೇ ಹೊಲಿದುಕೊಂಡಿರಲಿಲ್ಲ.

"ಪೆಡಲು ತುಳೀಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ! ನನ್ನ ಮಾತು ಅಂದ್ರೆ ನಿಮಗೆ—"

"ಒಪ್ಪಿಕೊಂಡ ಬಟ್ಟೆ ಕೊಡಬೇಡ್ವಾ? ನನ್ನ ಗಿರಾಕಿಗಳು ಬೆತ್ತಲೆ ಓಡಾಡಬೇಕಾ?"

ನರ್ಸು ಬೈಯಲಿಲ್ಲ. ಎರಡು ದಾರಗಳನ್ನೂ ಅಜ್ಜಿಯ ಅಂಗೈ ಮೇಲೆ ಇಟ್ಟಳಷ್ಟೇ. ಅಜ್ಜಿ ಅವುಗಳನ್ನು ಬೆರಳಲ್ಲಿ ಎಳೆದು ನೋಡಿದಳು, ತಿರುಗಿಸಿ ನೋಡಿದಳು. ಡಾಕ್ಟರ ಮಾತು ಸುಳ್ಳಿರಬಹುದು, ಸೊಸೆಯ ಮಾತಂತೂ ಅವಳ ಮಟ್ಟಿಗೆ ಯಾವಾಗಲೂ ಸುಳ್ಳೇ. ತನ್ನ ಕತ್ತರಿ ಸುಳ್ಳು ಹೇಳುತ್ತದೆ ಎನ್ನಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ.

"ಆ ಡಬ್ಬಿ ತೆಗೀರಿ," ಅಂದಳು ಕೊನೆಗೆ.

ಮಂಚದ ಕೆಳಗಿನ ಡಬ್ಬಿಯಲ್ಲಿ ಮಗ ಎರಡು ವರ್ಷದ ಹಿಂದೆ ತಂದ ವಿದ್ಯುತ್ ಮೋಟಾರು ಇತ್ತು. "ಕರೆಂಟಲ್ಲಿ ಹೊಲಿದದ್ದು ಹೊಲಿಗೆನಾ?" ಎಂದು ಅಜ್ಜಿ ಅಂದೇ ಅದನ್ನು ಗಡಿಪಾರು ಮಾಡಿದ್ದಳು. ಮಗ ಸಂಜೆ ಬಂದು, ಮಗಳ ಫೋನಿನಲ್ಲಿ ನೋಡಿಕೊಂಡು ಅದನ್ನು ಜೋಡಿಸಿದ. ಅದಕ್ಕೂ ಕಾಲಲ್ಲಿ ಒತ್ತುವ ಗುಂಡಿ ಇತ್ತು. ನರ್ಸು ಹೇಳಿದಂತೆ ಅದನ್ನು ಎಡಗಾಲಿನ ಕಡೆಗೆ ಇಟ್ಟರು.

ಮೊದಲ ದಿನ ಅಜ್ಜಿ ಗುಂಡಿ ಒತ್ತಿದ ರಭಸಕ್ಕೆ ಯಂತ್ರ ಕಿರುಚಿಕೊಂಡು ಓಡಿ, ಮಗನ ಸಮವಸ್ತ್ರದ ತೋಳಿನ ಬಾಯಿಯನ್ನೇ ಮುಚ್ಚಿ ಹೊಲಿದುಬಿಟ್ಟಿತು.

"ಅಪ್ಪ, ಇನ್ನು ಮೇಲೆ ಒಂದೇ ಕೈಯಲ್ಲಿ ಬಸ್ಸು ಓಡಿಸು," ಅಂದಳು ಮೊಮ್ಮಗಳು.

"ಓಡಿಸ್ತಾನೆ ಬಿಡೇ. ಬ್ರೇಕೇ ಇಲ್ಲದೆ ಓಡಿಸೋನಿಗೆ ಕೈ ಯಾಕೆ?" ಅಂದಳು ಅಜ್ಜಿ.

ಮೊದಲು ನಕ್ಕವಳು ಸೊಸೆ. ಅತ್ತೆಯ ಮಾತಿಗೆ ಅವಳು ನಕ್ಕದ್ದು ಯಾವ ಕಾಲದಲ್ಲೋ. ಬಿಚ್ಚಿದ ಹೊಲಿಗೆಯ ದಾರ ಆಯುತ್ತಾ ಅಂದು ಅತ್ತೆ ಸೊಸೆ ಒಂದೇ ತಟ್ಟೆಯಿಂದ ಬೇಯಿಸಿದ ಬೀನ್ಸ್ ತಿಂದರು.

ನಾಲ್ಕನೇ ವಾರದ ದಾರ ಜಾಕೆಟ್ಟಿನ ಗುಂಡಿಗೆ ಇಳಿಯಿತು. ಐದನೆಯದು ಅದರ ತೋಳಿನ ಗುಂಡಿಗೆ. ಅಜ್ಜಿ ಈಗ ನರ್ಸು ಬರುವ ದಿನ ಬೆಳಿಗ್ಗೆಯೇ ಬಟ್ಟೆ ಕುದಿಸಿ, ನೀರು ಕಾಯಿಸಿ, ಕೂತು ಕಾಯುತ್ತಿದ್ದಳು. ಬರುವುದು ತಡವಾದರೆ, "ಎಲ್ಲಿ ಸತ್ತಳು ಆ ಉದ್ದತೋಳು?" ಎಂದು ಪ್ರೀತಿಯಿಂದ ಬೈಯುತ್ತಿದ್ದಳು.

ಆರನೇ ವಾರದ ದಾರ ಚುಚ್ಚಿದ ಮರುದಿನ ಆಸ್ಪತ್ರೆ. ಮಗ ರಜೆ ಹಾಕಿದ, ಸೊಸೆಯೂ ಹಾಕಿದಳು. ಅಜ್ಜಿ ಕಂದು ಕಾಗದವನ್ನು ಸುರುಳಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳಿಗೆ ಆ ದಿನ ಗಂಜಿಯೂ ಇಳಿದಿರಲಿಲ್ಲ.

ಒಳಗೆ ಕರೆದಾಗ ಅಲ್ಲಿದ್ದ ಸಹಾಯಕ ಹೇಳಿದ, "ಅಜ್ಜಿ, ಮಂಚ ಹತ್ತಿ ಮಲಗಿ. ಅಳತೆ ತಗೋಬೇಕು."

ಅಜ್ಜಿ ನಿಂತಲ್ಲೇ ಕಲ್ಲಾದಳು. ಮಗ ಅವಳ ಭುಜ ಹಿಡಿದ. "ಒಂದೇ ನಿಮಿಷ ಅಮ್ಮ. ಕಣ್ಣು ಮುಚ್ಚಿಕೊಂಡು ಮಲಗಿಬಿಡು. ಡಾಕ್ಟರಿಗೆ ಬೇಜಾರಾಗುತ್ತೆ."

"ಮಲಗಲ್ಲ ಅವರು!"

ಕೂಗಿದ್ದು ಸೊಸೆ. ಗಂಡನ ಕೈಯನ್ನು ಅತ್ತೆಯ ಭುಜದಿಂದ ತೆಗೆದು, ನಡುವೆ ಬಂದು ನಿಂತಳು. "ಕೂತೇ ತೋರಿಸ್ತಾರೆ. ಬೇಜಾರಾದ್ರೆ ಆಗಲಿ. ಮೊದಲು ಫೈಲ್ ಓದಿ ಅಂತ ಹೇಳಿ ನಿಮ್ಮ ಡಾಕ್ಟರಿಗೆ."

ದೊಡ್ಡ ಡಾಕ್ಟರು ಫೈಲು ಎತ್ತಿಕೊಂಡರು. 'ಸಹಕಾರ ಇಲ್ಲ' ಎಂಬುದಕ್ಕೆ ಅಡ್ಡ ಗೀಟು ಬಿದ್ದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: 'ಇವರನ್ನು ಮಲಗಿಸಿ ಅಳೆಯಬಾರದು. ಕೂರಿಸಿ ನೋಡುವುದು. ಅಳತೆ ಇವರೇ ತೆಗೆಯುತ್ತಾರೆ, ನಮ್ಮದಕ್ಕಿಂತ ನಿಖರ.'

ಡಾಕ್ಟರು ಎರಡು ಸಲ ಓದಿದರು. ಆಮೇಲೆ ಅಜ್ಜಿಗೆ ಕುರ್ಚಿ ತೋರಿಸಿ, ತಾವು ಒಂದು ಗಿಡ್ಡ ಸ್ಟೂಲು ಕಾಲಲ್ಲಿ ಎಳೆದುಕೊಂಡು ಅವಳ ಪಾದದ ಬುಡದಲ್ಲಿ ಕೂತರು. ಪಟ್ಟಿ ಬಿಚ್ಚಿ ನೋಡಿದರು. ಕಂದು ಕಾಗದ ಬಿಡಿಸಿ, ಸ್ಕೇಲು ತೆಗೆದು, ಒಂದೊಂದೇ ದಾರ ಅಳೆದರು.

"ಇಪ್ಪತ್ತೆಂಟು. ಮೂವತ್ತೊಂದು. ಇದ್ಯಾಕೆ ಹೆಚ್ಚಾಯ್ತು?"

"ಅದು ನನ್ನ ತಪ್ಪು," ಅಂದಳು ಅಜ್ಜಿ. "ಮುಂದೆ ನೋಡಿ."

"ಇಪ್ಪತ್ತು. ಹದಿನಾಲ್ಕು. ಒಂಬತ್ತು ಮಿಲಿಮೀಟರು." ಡಾಕ್ಟರು ಸ್ಕೇಲು ಜೇಬಿಗೆ ಹಾಕಿಕೊಂಡು ನಕ್ಕರು. "ಇದರಲ್ಲಿ ಕತ್ತರಿಸೋಕೆ ನನಗೇನೂ ಉಳಿದಿಲ್ಲ ಅಜ್ಜಿ. ಇದೇ ದಾರೀಲಿ ಹೋಗಿ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಅಂದಳು ಅಜ್ಜಿ, ದಾರಗಳ ಕಾಗದವನ್ನು ಜೋಪಾನವಾಗಿ ವಾಪಸ್ಸು ಇಸಿದುಕೊಳ್ಳುತ್ತಾ. "ಕತ್ತರಿ ನನ್ನ ಕೈಲೇ ಇರಲಿ. ನಿಮ್ಮ ಕೈಲಿ ಬೇಡ."

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಗ ಮುಖ ಆಚೆ ತಿರುಗಿಸಿಕೊಂಡು ಅತ್ತ. ಅಜ್ಜಿ ಸೊಸೆಯ ಕೈಯನ್ನು ಹಿಡಿದವಳು ಬಸ್ಸು ಬರುವವರೆಗೂ ಬಿಡಲಿಲ್ಲ. "ಗಂಟಲು ಚೆನ್ನಾಗಿದೆ ಕಣೇ ನಿಂದು," ಅಂದಳು. "ಇಷ್ಟು ವರ್ಷ ನನ್ನ ಮೇಲೇ ದಂಡ ಆಯ್ತು."

ಮತ್ತೆ ನಾಲ್ಕು ವಾರ ಕಳೆದವು. ಕಡೆಯ ಭೇಟಿಯ ದಿನ ಉದ್ದತೋಳು ಒಬ್ಬಳೇ ಬರಲಿಲ್ಲ. ಅವಳ ಹಿಂದೆ, ಬಾಗಿಲಿನಿಂದ ಆಚೆಯೇ, ಸಣಕಲು ಹುಡುಗಿಯೊಬ್ಬಳು ಚೀಲ ಅವುಚಿಕೊಂಡು ನಿಂತಿದ್ದಳು. ಸೂಜಿದಿಂಬಿನ ಏಟು ತಪ್ಪಿಸಿಕೊಂಡಿದ್ದ ಮೊದಲ ನರ್ಸು.

ಉದ್ದತೋಳು ಪಟ್ಟಿ ಬಿಚ್ಚಿದಳು. ಅಜ್ಜಿ ಕನ್ನಡಕ ಏರಿಸಿ, ಅಭ್ಯಾಸದಂತೆ ದಾರ ಎಳೆದು, ಕತ್ತರಿ ಎತ್ತಿಕೊಂಡಳು. ಪಾದ ನೋಡಿದಳು. ಹುಣ್ಣಿದ್ದ ಜಾಗದಲ್ಲಿ ತೆಳುವಾದ ಗುಲಾಬಿ ಚರ್ಮ ಕೂಡಿಕೊಂಡಿತ್ತು. ಎಲ್ಲಿಂದ ಎಲ್ಲಿಗೆ ಹಿಡಿಯುವುದೆಂದು ಅವಳ ಬೆರಳಿಗೆ ತಿಳಿಯಲಿಲ್ಲ.

"ಅಳೆಯೋಕೆ ಏನೂ ಇಲ್ಲ," ಅಂದಳು. ಇನ್ನೊಂದು ಸಲ, ಎಲ್ಲರಿಗೂ ಕೇಳುವ ಹಾಗೆ, "ಏನೂ ಇಲ್ಲ ಕಣ್ರೋ!"

ಮೊಮ್ಮಗಳು ಸಿಳ್ಳೆ ಹೊಡೆದಳು. ಸೊಸೆ ಚಹಾ ತರುತ್ತೇನೆಂದು ಒಳಗೆ ಹೋಗಿ, ಖುಷಿಯಲ್ಲಿ ಚಹಾ ಮರೆತು ಖಾಲಿ ಕೈಯಲ್ಲಿ ವಾಪಸ್ಸು ಬಂದಳು.

ಅಜ್ಜಿ ಮೆತ್ತನೆಯ ಚಪ್ಪಲಿಯಲ್ಲಿ ಕಾಲಿಟ್ಟು ಎದ್ದಳು. ಕಪಾಟಿನಿಂದ ಒಂದು ಬಿಳಿ ಕೋಟು ತೆಗೆದು ಉದ್ದತೋಳಿನ ಕಡೆ ಚಾಚಿದಳು. ಅಳತೆ ಕೇಳಿರಲಿಲ್ಲ. ಒಂಬತ್ತು ವಾರ ನೋಡಿದ ಕಣ್ಣಿಗೆ ಕೇಳುವ ಅಗತ್ಯವಿರಲಿಲ್ಲ. ನರ್ಸು ತೊಟ್ಟುಕೊಂಡಳು. ತೋಳು ಮಣಿಕಟ್ಟಿಗೆ ಬಂದು ಸರಿಯಾಗಿ ನಿಂತಿತು.

"ಇನ್ನು ನಿನ್ನನ್ನ ಏನಂತ ಕರೆಯಲಿ? ಹೆಸರೂ ಹಾಳಾಯ್ತು," ಅಂದಳು ಅಜ್ಜಿ.

ಆಮೇಲೆ ಅವಳ ಕಣ್ಣು ಬಾಗಿಲಿನ ಕಡೆ ಹೋಯಿತು. ಸಣಕಲು ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ನನಗೆ ಗೊತ್ತಿರಲಿಲ್ಲ ಅಜ್ಜಿ," ಅಂದಳು. "ನಾನು ಕೇಳಬೇಕಿತ್ತು."

"ನಾನೂ ಹೇಳಬೇಕಿತ್ತು. ಗಂಜಿ ದಂಡ ಆಯ್ತು." ಅಜ್ಜಿ ಗೂಟದಲ್ಲಿ ನೇತುಹಾಕಿದ್ದ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡಳು. ಯಾರ ಕೈಯನ್ನೂ ಹಿಡಿಯದೆ, ಎರಡೂ ಪಾದ ಊರಿ, ಬಾಗಿಲವರೆಗೆ ನಡೆದಳು. "ಭುಜ ನೋಡು, ಇನ್ನೊಬ್ಬರ ಕೋಟಲ್ಲಿ ಹೇಗೆ ಜೋತಾಡ್ತಿದೆ. ಒಳಗೆ ಬಾ. ನೆಟ್ಟಗೆ ನಿಂತ್ಕೋ, ಅಳತೆ ತಗೋತೀನಿ."